ಇನ್ನೂ ಸ್ವಲ್ಪ ಹೆಂಗಸು

ಅವಳನ್ನು ಎಲ್ಲರೂ ಮೆಟ್ಟಿಲಕ್ಕ ಅನ್ನುತ್ತಿದ್ದರು. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದು ಆಸ್ಪತ್ರೆಯವರಿಗೆ ಬಿಟ್ಟರೆ ಯಾರಿಗೂ ಬೇಕಾಗುತ್ತಿರಲಿಲ್ಲ. ಮನೆ ಬದಲಾಯಿಸುವವರ ಸಾಮಾನು ಹೊರುವುದು ಅವಳ ಕೆಲಸ. ಗಂಡನದೂ ಅದೇ. ಲಿಫ್ಟ್ ಇಲ್ಲದ ಕಟ್ಟಡ, ಇದ್ದರೂ ಕೆಟ್ಟು ನಿಂತ ಕಟ್ಟಡ, ಬೀರು ತಿರುಗದಷ್ಟು ಇಕ್ಕಟ್ಟಾದ ಮೆಟ್ಟಿಲು, ಇಂಥವೇ ಅವರಿಗೆ ಅನ್ನ ಹಾಕುತ್ತಿದ್ದವು.

ಬೀರು ಇಳಿಸುವಾಗ ಮೇಲಿರುವವರಿಗೆ ಭಾರ ಕಡಿಮೆ, ಕೆಳಗಿರುವವರ ಬೆನ್ನಿಗೆ ಪೂರ್ತಿ. ಕೆಳಗಿರುತ್ತಿದ್ದವಳು ಅವಳು. ಗಂಡನಿಗಿಂತ ಒಂದು ಗೇಣು ಎತ್ತರ, ಬೆನ್ನು ಬಾಗಿಲಿನಂತೆ ಅಗಲ. ಗಂಡ ಕಡ್ಡಿ ಪೈಲ್ವಾನ. ಅವನು ಮೇಲಿನಿಂದ ಒಂದು ಕೈ ಕೊಟ್ಟು ದಾರಿ ಹೇಳುತ್ತಿದ್ದ. ಮೆಟ್ಟಿಲು, ಮೆಟ್ಟಿಲು, ತಿರುವು, ಗೋಡೆ ಬಂತು, ತಡಿ, ಈಗ ಇಳಿ. ಬೀರು ಹೊತ್ತವಳಿಗೆ ಕಾಲ ಕೆಳಗಿನದು ಕಾಣುವುದಿಲ್ಲ. ಅವನ ಬಾಯಿಯೇ ಅವಳ ಕಣ್ಣು. ಕೆಲಸ ಮುಗಿದ ಮೇಲೆ ಮನೆಯವರು ಅವನ ಬೆನ್ನು ತಟ್ಟಿ, ಭಲೇ ಗಟ್ಟಿಗ ಕಣಯ್ಯಾ ನೀನು ಅನ್ನುತ್ತಿದ್ದರು. ಅವನು ಹಲ್ಲು ಕಿರಿದು, "ಭಾರ ಅವಳದು, ಬಾಯಿ ನಂದು ಸ್ವಾಮಿ," ಅನ್ನುತ್ತಿದ್ದ. ಅವನು ಹೇಳಿದ್ದು ನಿಜ. ಅವರು ತಮಾಷೆ ಅಂದುಕೊಂಡು ನಗುತ್ತಿದ್ದರು.

ಮನೆಯಲ್ಲೂ ಅದೇ ಕಥೆ. ಮಗಳು ಹೈಸ್ಕೂಲು. ಅಪ್ಪ ಮಗಳು ಇಬ್ಬರೂ ಸೇರಿ ಹಳೇ ಕಂಪ್ಯೂಟರಿನಲ್ಲಿ ಯುದ್ಧದ ಗೇಮ್ ಆಡುತ್ತಿದ್ದರು. ಗುಂಪು ಕಟ್ಟಿ ಆಡುವ ಆಟ ಅದು. ಎಲ್ಲರೂ ಅವರವರ ಮನೆಯಲ್ಲಿ ಕೂತು, ಮೈಕಿನಲ್ಲಿ ಮಾತಾಡುತ್ತಾ, ಒಟ್ಟಾಗಿ ಶತ್ರುಗಳನ್ನು ಹೊಡೆಯಬೇಕು. ಮೊದಲು ಮಗಳು ತನ್ನ ದನಿಯಲ್ಲೇ ಆಡಲು ಹೋಗಿದ್ದಳು. ಹುಡುಗಿ ದನಿ ಕೇಳಿದ್ದೇ ತಡ, ಒಬ್ಬ ಪಾತ್ರೆ ತೊಳಿ ಹೋಗು ಅಂದ. ಇನ್ನೊಬ್ಬ ಫೋಟೋ ಕಳಿಸು ಅಂದ. ಮೂರನೆಯವನು ಅಂದದ್ದನ್ನು ಬಾಯಲ್ಲಿ ಹೇಳುವ ಹಾಗಿಲ್ಲ.

ಅಪ್ಪ ಅವತ್ತೇ ಮೈಕನ್ನು ತನ್ನ ಕಡೆ ಎಳೆದುಕೊಂಡ. ಗೂಳಿ ಅಂತ ಹೆಸರಿಟ್ಟುಕೊಂಡ. ಅವತ್ತಿನಿಂದ ಗುರಿಯಿಟ್ಟು ಹೊಡೆಯುವವಳು ಮಗಳು, ಹೊಡೆದ ಮೇಲೆ ಗುಡುಗುವವನು ಅಪ್ಪ. ಆ ಗುಡುಗಿಗೆ ಪಕ್ಕದ ಮನೆಯವರು ಗೋಡೆ ಬಡಿಯುತ್ತಿದ್ದರು. ಗುಂಪಿನ ಹುಡುಗರಿಗೆ ಗೂಳಿಯಣ್ಣ ಅಂದರೆ ದೇವರಿಗಿಂತ ಒಂದು ಕೈ ಮೇಲು. ಆ ಹುಡುಗರಲ್ಲಿ ಕೆಲವರು ಮಗಳ ಕ್ಲಾಸಿನವರೇ. ದಿನವೆಲ್ಲ ಸ್ಕೂಲಿನಲ್ಲಿ ಅವಳನ್ನು ಮಂಚ ಹೊರೋಳ ಮಗಳು ಅಂತ ಆಡಿಕೊಳ್ಳುವವರು ಸಂಜೆಗೆ ಅವಳ ಬೆರಳಿಗೇ ಸಲಾಮು ಹೊಡೆಯುತ್ತಿದ್ದರು. ಅಪ್ಪನಿಗೆ ಅದನ್ನು ನೆನೆದರೆ ನಗು ತಡೆಯುತ್ತಿರಲಿಲ್ಲ.

ಆಮೇಲೆ ಅವನು ಸತ್ತ. ಭಾರ ಹೊತ್ತು ಸಾಯಲಿಲ್ಲ, ನೀರಿನ ಲೋಟ ಹಿಡಿದು ಅಡುಗೆಮನೆಯಲ್ಲಿ ನಿಂತಿದ್ದವನು ಹಾಗೇ ಕುಸಿದ. ಎಷ್ಟೋ ಬೀರುಗಳನ್ನು ಗೀರು ಬೀಳದಂತೆ ಇಳಿಸಿದ್ದವಳು ಅವಳು, ಅವನನ್ನು ಹಿಡಿಯಲು ಆಗಲಿಲ್ಲ.

ಮಗಳು ಆಟ ಬಿಡಲಿಲ್ಲ. ಮೈಕ್ ಮುಚ್ಚಿದಳು. ಗೂಳಿಯಣ್ಣಾ ಯಾಕೆ ಮಾತಾಡಲ್ಲ ಅಂತ ಹುಡುಗರು ಕೇಳಿದರೆ, ಗಂಟಲು ಸರಿಯಿಲ್ಲ ಅಂತ ಟೈಪ್ ಮಾಡುತ್ತಿದ್ದಳು. ತಿಂಗಳುಗಟ್ಟಲೆ ಗಂಟಲು ಸರಿಯಿಲ್ಲ. ಮಾತಾಡದೆ ಇರುವಷ್ಟು ದಿನ ಗೂಳಿ ಬದುಕಿರುತ್ತಾನೆ, ಬಾಯಿ ತೆರೆದರೆ ಅವನೂ ಹೋದ. ಮೆಟ್ಟಿಲಕ್ಕನಿಗೆ ಇದು ಅರ್ಥವಾಗದೆ ಇರಲಿಲ್ಲ. ಆದರೆ ಹುಡುಗಿಗೆ ಆ ಮೌನವೇ ಅಭ್ಯಾಸವಾಗಿ, ಮನೆಯಲ್ಲೂ ಹೂಂ, ಊಹೂಂಗಿಂತ ಮುಂದೆ ಹೋಗುತ್ತಿರಲಿಲ್ಲ. ಸಾಮಾನೆಲ್ಲ ಸಾಗಿಸಿದ ಮೇಲೆ ಖಾಲಿ ಮನೆ ಹೇಗಿರುತ್ತದೆ ಅಂತ ಮೆಟ್ಟಿಲಕ್ಕನಿಗೆ ಚೆನ್ನಾಗಿ ಗೊತ್ತು. ಅವಳ ಮನೆ ಸಾಮಾನು ಇದ್ದೂ ಹಾಗೇ ಆಗಿತ್ತು.

ಅವಳೂ ಬೀರು ಹೊರುವುದನ್ನು ಬಿಟ್ಟಳು. ಬೇರೆಯವರು ಮೇಲಿನಿಂದ ದಾರಿ ಹೇಳಿದರೆ ಅವಳ ಕಾಲು ನಂಬುತ್ತಿರಲಿಲ್ಲ. ಒಬ್ಬಳೇ ಹೊರಬಹುದಾದದ್ದನ್ನು ಮಾತ್ರ ಹೊರುತ್ತಿದ್ದಳು. ಮೇಜು, ಪೆಟ್ಟಿಗೆ, ಹಾಸಿಗೆ.

ಹಾಗೆ ಒಂದು ದಿನ ಗೇಮ್ ಮಾಡುವ ಕಂಪನಿಯೊಂದಕ್ಕೆ ಮೇಜುಗಳನ್ನು ಏರಿಸುತ್ತಿದ್ದಳು. ಹೊಸ ಆಫೀಸು, ಗೋಡೆಗೆ ಇನ್ನೂ ಬಣ್ಣದ ವಾಸನೆ. ಮೇಜನ್ನು ಬೆನ್ನಿಗೆ ಹಾಕಿಕೊಂಡು ಮೂರನೇ ಮಹಡಿಗೆ ಬಂದವಳನ್ನು ಗಡ್ಡದವನೊಬ್ಬ ನೋಡಿದ. ಕೂದಲು ಹಿಂದಕ್ಕೆ ಕಟ್ಟಿದ್ದ, ಹೊಟ್ಟೆ ಮುಂದಕ್ಕೆ ಬಿಟ್ಟಿದ್ದ. ಅಲ್ಲಿ ಎಲ್ಲರೂ ಅವನನ್ನು ನಡಿಗೆ ಮೇಷ್ಟ್ರು ಅನ್ನುತ್ತಿದ್ದರು. ಗೇಮಿನ ಗೊಂಬೆಗಳಿಗೆ ನಡೆಯಲು, ಓಡಲು, ಸಾಯಲು ಕಲಿಸುವುದು ಅವನ ಉದ್ಯೋಗ. ಮೆಟ್ಟಿಲಕ್ಕ ಮೇಜು ಇಳಿಸುವ ಮೊದಲೇ ಅವನು, ಇವಳೇ ನಮ್ಮ ದಳಪತಿ ಅಂತ ಕೂಗಿದ.

ಸಂಗತಿ ಏನೆಂದರೆ, ಅವರ ಹಿಂದಿನ ಗೇಮಿನಲ್ಲಿ ಹೆಂಗಸರಿಗೆ ಮೂರೇ ಕೆಲಸ ಇತ್ತಂತೆ. ಕಿಡ್ನ್ಯಾಪ್ ಆಗುವುದು, ಸಾಯುವುದು, ಗೆದ್ದವನಿಗೆ ಬಹುಮಾನ ಆಗುವುದು. ಕೊಂಡವರು ಕೆಲವರು ಉಗಿದಿದ್ದರು. ಅದಕ್ಕೆ ಈ ಸಲ ಕೋಟೆ ಕಾಯುವ ಸೈನ್ಯಕ್ಕೆ ಹೆಣ್ಣು ದಳಪತಿ, ಅದೂ ನಿಜವಾದ ಹೆಣ್ಣು ಅಂತ ಗೋಡೆಗೋಡೆಗೂ ಜಾಹೀರಾತು ಹಚ್ಚಿದ್ದರು. ಜಾಹೀರಾತು ಹಚ್ಚಿದ ಮೇಲೆ ನಿಜವಾದ ಹೆಣ್ಣನ್ನು ಹುಡುಕುತ್ತಿದ್ದರು.

ಮನೆಗೆ ಬಂದು ಹೇಳಿದಾಗ ಮಗಳು ತಟ್ಟೆ ಬಿಟ್ಟು ತಲೆಯೆತ್ತಿದಳು. ಆ ಗೇಮಿಗಾಗಿ ಅವಳ ಗುಂಪೆಲ್ಲ ಬಾಯಿ ಬಿಟ್ಟುಕೊಂಡು ಕಾಯುತ್ತಿತ್ತು. ಗೊಂಬೆ ತಾನಾಗಿ ನಡೆಯುವುದಿಲ್ಲ, ಯಾರೋ ನಡೆದದ್ದನ್ನು ಕ್ಯಾಮೆರಾದಲ್ಲಿ ಹಿಡಿದು ಆ ನಡಿಗೆಗೆ ಗೊಂಬೆಯ ಚರ್ಮ ಹೊದಿಸುತ್ತಾರೆ ಅಂತ ಅಮ್ಮನಿಗೆ ಬಿಡಿಸಿ ಹೇಳಿದಳು. ಅಪ್ಪ ಹೋದ ಮೇಲೆ ಅವಳು ಅಷ್ಟು ಮಾತಾಡಿದ್ದು ಅದೇ ಮೊದಲು. ಕೊನೆಗೆ ತಟ್ಟೆ ನೋಡುತ್ತಾ ಅಂದಳು.

"ದಳಪತಿ ನಿನ್ನ ಥರಾನೇ ನಡೆದ್ರೆ ನಾನು ಮೈಕ್ ಹಾಕ್ತೀನಮ್ಮಾ. ಅದು ನಮ್ಮಮ್ಮ ಅಂತೀನಿ. ಗೂಳಿ ನಾನೇ ಅಂತೀನಿ. ಅಪ್ಪ ಇಲ್ಲ ಅಂತಾನೂ ಹೇಳ್ತೀನಿ."

ಮೆಟ್ಟಿಲಕ್ಕ ಅವತ್ತಿನವರೆಗೆ ತಾನು ಹೇಗೆ ನಡೆಯುತ್ತೇನೆ ಅಂತ ಯೋಚಿಸಿದವಳಲ್ಲ. ಈಗ ಅದು ಬೀರಿಗಿಂತ ಭಾರವಾಯಿತು.

ಕೆಲಸದ ಕೋಣೆ ದೊಡ್ಡದು, ಖಾಲಿ. ಸುತ್ತಲೂ ಗೋಡೆ ತುಂಬ ಕ್ಯಾಮೆರಾ. ಮೈಗೆ ಅಂಟಿದ ಕರಿ ಬಟ್ಟೆ ಕೊಟ್ಟರು. ಒಬ್ಬ ಹುಡುಗಿ ಬಂದು, ಕ್ಯಾಮೆರಾಗೆ ಗುರುತು ಸಿಗಲಿ ಅಂತ ಕೀಲುಕೀಲಿಗೂ ಸಣ್ಣ ಬಿಳಿ ಗುಂಡು ಅಂಟಿಸಿದಳು. ಕನ್ನಡಿಯಲ್ಲಿ ನೋಡಿಕೊಂಡರೆ ಮೈತುಂಬ ಸಿಡುಬು ಎದ್ದವಳ ಹಾಗೆ ಕಂಡಳು. ಆ ಗುಂಡು ಹುಡುಗಿ ಒಳ್ಳೆಯವಳು. ಗುಂಡು ಅಂಟಿಸುವ ಮೊದಲು ಅಂಟಿಸಲಾ ಅಕ್ಕಾ ಅಂತ ಕೇಳುತ್ತಿದ್ದಳು. ಅಲ್ಲಿ ಕೇಳುತ್ತಿದ್ದವಳು ಅವಳೊಬ್ಬಳೇ.

ಮೇಷ್ಟ್ರು ನಡಿ ಅಂದ. ಮೆಟ್ಟಿಲಕ್ಕ ಈ ಗೋಡೆಯಿಂದ ಆ ಗೋಡೆಗೆ ನಡೆದಳು. ಹೆಜ್ಜೆ ಅಗಲ, ಪಾದ ಪೂರ್ತಿ ನೆಲಕ್ಕೆ, ತಲೆ ನೇರ. ಮೇಷ್ಟ್ರು ತಲೆ ಕೆರೆದುಕೊಂಡ.

"ಚೆನ್ನಾಗಿದೆ. ಆದ್ರೆ ಹೆಂಗಸಿನ ಥರ ನಡೀಬೇಕು."

"ನಾನು ಹೆಂಗಸೇ ಅಲ್ವಾ ಸರ್?"

"ಹೌದಮ್ಮಾ, ಅದ್ಯಾರು ಇಲ್ಲ ಅಂದ್ರು. ಇನ್ನೂ ಸ್ವಲ್ಪ ಹೆಂಗಸು."

ಇನ್ನೂ ಸ್ವಲ್ಪ ಹೆಂಗಸು ಅಂದರೆ ಏನು ಅಂತ ಅವಳಿಗೆ ತಿಳಿಯಲಿಲ್ಲ. ಸಾರಿಗೆ ಉಪ್ಪು ಹಾಕಿದ ಹಾಗೆ ಚಿಟಿಕೆ ಹಾಕಲು ಬರುತ್ತದೆಯೇ? ಮಗಳನ್ನು ಹೆತ್ತಾಗಲೂ ಯಾರೂ ಇನ್ನೂ ಸ್ವಲ್ಪ ಹೆಂಗಸಾಗು ಅಂದಿರಲಿಲ್ಲ, ಇದ್ದಷ್ಟರಲ್ಲೇ ಆಗಿತ್ತು. ಮೇಷ್ಟ್ರು ತಾನೇ ಎದ್ದು ತೋರಿಸಿದ. ಹೊಟ್ಟೆ ಒಳಗೆ, ಎದೆ ಹೊರಗೆ. ಒಂದು ಪಾದದ ಮುಂದೆ ಇನ್ನೊಂದು ಪಾದ, ಹಗ್ಗದ ಮೇಲೆ ನಡೆದ ಹಾಗೆ. ಸೊಂಟ ಗಡಿಯಾರದ ಲೋಲಕ. ಗಡ್ಡ ಮಾತ್ರ ಅಲ್ಲೇ ಇತ್ತು. ಅವನಿಗೆ ಅದು ಎಷ್ಟು ಚೆನ್ನಾಗಿ ಬರುತ್ತಿತ್ತು ಅಂದರೆ, ಬಹಳ ದಿನದ ಅಭ್ಯಾಸ ಅಂತ ನೋಡಿದರೇ ಗೊತ್ತಾಗುತ್ತಿತ್ತು.

ಅವಳು ಪ್ರಯತ್ನ ಪಟ್ಟಳು. ಮಗಳಿಗಾಗಿ ಪಟ್ಟಳು. ಹಾಗೆ ನಡೆದರೆ ಮೊಣಕಾಲಿಗೆ ಮೊಣಕಾಲು ತಾಗಿ ಬೀಳುವ ಹಾಗಾಗುತ್ತಿತ್ತು. ಆಮೇಲೆ ಅವಳಿಗೇ ಹೊಳೆಯಿತು. ಹಾಗೆ ನಡೆದರೆ ಅದು ತನ್ನ ನಡಿಗೆ ಅಲ್ಲ, ಮಗಳು ಯಾರನ್ನು ಅಮ್ಮ ಅನ್ನಬೇಕು? ಮತ್ತೆ ತನ್ನ ಹಾಗೇ ನಡೆದಳು. ಮೇಷ್ಟ್ರು ನಿಟ್ಟುಸಿರು ಬಿಟ್ಟು ಅದನ್ನೂ ತೆಗೆದುಕೊಂಡ.

ಗೋಡೆಯ ಮೇಲೆ ದಳಪತಿಯ ಚಿತ್ರ ಇತ್ತು. ಸುತ್ತ ನಿಂತ ಗಂಡು ಸೈನಿಕರಿಗೆ ಕತ್ತಿನವರೆಗೂ ಕಬ್ಬಿಣ. ದಳಪತಿಗೆ ಎದೆಯ ಮೇಲೆ ಎರಡು ಕಬ್ಬಿಣದ ಬಟ್ಟಲು, ಸೊಂಟಕ್ಕೆ ಒಂದು ಕೈವಸ್ತ್ರದಷ್ಟು ತಗಡು. ನಡುವೆ ಹೊಟ್ಟೆ ಬಟಾಬಯಲು. ಊಟಕ್ಕೆ ಬಿಟ್ಟಾಗ ಮೆಟ್ಟಿಲಕ್ಕ ಅದರ ಮುಂದೆ ನಿಂತು ನೋಡಿದಳು. ಹೊಟ್ಟೆಗೆ ಬಾಣ ಬಿದ್ದರೆ ಏನು ಗತಿ ಅಂತ ಕೇಳಿದಳು. ಅವಳು ಬಲು ಚುರುಕು, ತಪ್ಪಿಸಿಕೊಳ್ಳುತ್ತಾಳೆ ಅಂದ ಮೇಷ್ಟ್ರು.

"ಹಂಗಾದ್ರೆ ಗಂಡಸ್ರೆಲ್ಲ ಮಂದನಾ ಸರ್?"

ಗುಂಡು ಹುಡುಗಿಯ ಬಾಯಲ್ಲಿದ್ದ ಚಹಾ ಮೂಗಿಗೆ ಬಂತು. ಮೇಷ್ಟ್ರಿಗೆ ಏನೂ ಅನ್ನಿಸಲಿಲ್ಲ. ಕೊಳ್ಳುವವರು ಹುಡುಗರು, ಅವರಿಗೆ ನೋಡಲು ಏನಾದರೂ ಬೇಕಲ್ಲ ಅಂತ ತಣ್ಣಗೆ ಹೇಳಿ ತುತ್ತು ಎತ್ತಿದ. ಅವನಲ್ಲಿ ಒಂದು ಗುಣ ಇತ್ತು, ಸುಳ್ಳು ಹೇಳುತ್ತಿರಲಿಲ್ಲ.

ಮಧ್ಯಾಹ್ನ, ಗಾಯಗೊಂಡ ಸೈನಿಕನನ್ನು ದಳಪತಿ ಹೊತ್ತು ಕೋಟೆಯಿಂದ ಇಳಿಯುವುದನ್ನು ಹಿಡಿಯಬೇಕಿತ್ತು. ಮರದ ಮೆಟ್ಟಿಲು ತಂದಿಟ್ಟರು. ಮರಳು ತುಂಬಿದ ಗೊಂಬೆ ಕೊಡುತ್ತೇವೆ ಅಂದರು. ಬೇಡ, ಮನುಷ್ಯನನ್ನೇ ಕೊಡಿ ಅಂದಳು. ಕ್ಯಾಮೆರಾದವನೊಬ್ಬ ನಾಚಿಕೊಂಡು ಬಂದ. ಅವನನ್ನು ಬೆನ್ನಿಗೆ ಹಾಕಿಕೊಂಡು ಸೊಂಟ ಕೊಟ್ಟು ಎದ್ದಳು. ಎಡಗಾಲು ಮೊದಲು, ಆಮೇಲೆ ಬಲಗಾಲು ಅದರ ಪಕ್ಕಕ್ಕೆ, ಮತ್ತೆ ಎಡಗಾಲು. ತಿರುವಿನಲ್ಲಿ ಅವಳು ಹಾಗೇ ನಿಂತುಬಿಟ್ಟಳು. ಯಾಕೆ ನಿಂತೆ ಅಂತ ಮೇಷ್ಟ್ರು ಕೂಗಿದ. ತಡಿ, ಈಗ ಇಳಿ ಅಂತ ಮೇಲಿನಿಂದ ಯಾರೂ ಹೇಳಲಿಲ್ಲ ಅಂತ ಅವನಿಗೆ ಹೇಳುವುದು ಹೇಗೆ? ಸ್ವಲ್ಪ ಹೊತ್ತು ಬಿಟ್ಟು ತಾನೇ ಇಳಿದಳು. ಕೆಳಗೆ ಬಂದಾಗ ಮೇಷ್ಟ್ರು ಎದ್ದು ಚಪ್ಪಾಳೆ ತಟ್ಟಿದ. ಆ ನಿಲ್ಲೋದಿದೆಯಲ್ಲಾ, ಅದು ಬಂಗಾರ ಅಂದ. ಅವಳಿಗೆ ಧೈರ್ಯ ಬಂತು. ಇದು ಉಳಿಯುತ್ತದೆ, ಮಗಳು ಇದನ್ನು ನೋಡುತ್ತಾಳೆ ಅಂದುಕೊಂಡಳು.

ಇನ್ನೊಂದು ಕೆಲಸ ಬಾಕಿ ಇತ್ತು. ಆಟದ ನಾಯಕನಿಗೆ ಹೆಂಡತಿಯೊಬ್ಬಳಿದ್ದಾಳೆ, ಶುರುವಿನಲ್ಲೇ ಸಾಯುತ್ತಾಳೆ, ಅದನ್ನೂ ನೀನೇ ಮಾಡಿಬಿಡು ಅಂದರು. ಅವಳಿಗೆ ಬೇರೆ ಏನು ಕೆಲಸ ಅಂತ ಕೇಳಿದಳು. ಏನೂ ಇಲ್ಲ. ಅವಳು ಸತ್ತರೇ ಅವನಿಗೆ ಸಿಟ್ಟು ಬರುವುದು, ಸಿಟ್ಟು ಬಂದರೇ ಆಟ ಶುರು. ಒಲೆ ಹಚ್ಚಲು ಬೆಂಕಿಕಡ್ಡಿ ಗೀರುತ್ತೇವಲ್ಲ, ಹಾಗೆ. ಮೇಷ್ಟ್ರು ವಿವರಿಸಿದ. ಬೆನ್ನು ಬಿಲ್ಲಿನಂತೆ ಬಾಗಬೇಕು. ಒಂದು ಕೈ ಕೂದಲ ಹತ್ತಿರ. ತುಟಿ ಸ್ವಲ್ಪ ತೆರೆದು, ಕಣ್ಣು ಮೆಲ್ಲಗೆ ಮುಚ್ಚಬೇಕು. ಸಾಯೋದು ಚೆಂದ ಇರಬೇಕು, ನೋಡಿದವನಿಗೆ ಅಯ್ಯೋ ಅನ್ನಿಸಬೇಕು.

ಮೆಟ್ಟಿಲಕ್ಕ ನೆಲದ ಮೇಲೆ ಮಲಗಿದಳು. ಮಲಗಿ, ತಾನು ಕಂಡದ್ದನ್ನು ಮಾಡಿದಳು. ಒಂದು ಕೈ ಅಂಗಿಯನ್ನು ಮುದ್ದೆ ಮಾಡಿ ಹಿಡಿಯಿತು. ಕಾಲು ಒಂದು ಸಲ ನೆಲ ಒದೆಯಿತು. ದವಡೆ ಜೋತು ಬಾಯಿ ತೆರೆಯಿತು, ತೆರೆದದ್ದು ತೆರೆದೇ ಉಳಿಯಿತು. ಒಂದು ಕಣ್ಣು ಮುಚ್ಚಿತು, ಇನ್ನೊಂದು ಮುಚ್ಚಲಿಲ್ಲ.

ಗುಂಡು ಹುಡುಗಿ ಗೋಡೆಯ ಕಡೆ ತಿರುಗಿ ನಿಂತಳು. ಮೇಷ್ಟ್ರು ಮುಖ ಹುಳ್ಳಗೆ ಮಾಡಿ, ಛೆ ಛೆ, ಇಷ್ಟು ವಿಕಾರ ಬೇಡ, ಇನ್ನೊಂದು ಸಲ ಮಾಡೋಣ ಅಂದ. ಮೆಟ್ಟಿಲಕ್ಕ ಎದ್ದು ಕೂತಳು.

"ನಾನು ನೋಡಿದ್ದು ಇಷ್ಟೇ ಸರ್. ಚೆಂದದ ಸಾವು ನನಗೆ ಬರಲ್ಲ."

ಅವಳಿಗೆ ಸಿಟ್ಟು ಇರಲಿಲ್ಲ, ಸುಸ್ತಾಗಿತ್ತು. ಮೈಮೇಲಿನ ಗುಂಡುಗಳನ್ನು ಒಂದೊಂದಾಗಿ ಕಿತ್ತು ಹುಡುಗಿಯ ಕೈಗೆ ಕೊಟ್ಟಳು. ಮೇಷ್ಟ್ರು ಬೇಸರ ಮಾಡಿಕೊಳ್ಳಲಿಲ್ಲ. ದಳಪತಿ ಅದ್ಭುತವಾಗಿ ಬಂದಿದಾಳೆ ಕಣಮ್ಮಾ ಅಂತ ಬಾಗಿಲವರೆಗೆ ಬಂದು ಬೀಳ್ಕೊಟ್ಟ. ಅವನು ಸುಳ್ಳು ಹೇಳುವುದಿಲ್ಲ ಅಂತ ಅವಳು ಅಂದುಕೊಂಡಿದ್ದಳಲ್ಲ, ಅದನ್ನೇ ನಂಬಿ ಮನೆಗೆ ಬಂದು ಮಗಳಿಗೆ ಹಾಗೇ ಹೇಳಿದಳು.

ಗೇಮ್ ಬಿಡುಗಡೆಗೆ ಇನ್ನೇನು ಒಂದು ವಾರ ಇದ್ದಾಗ ಗುಂಡು ಹುಡುಗಿಯಿಂದ ಫೋನು ಬಂತು. ಅವಳು ಆ ಕೆಲಸ ಬಿಟ್ಟಿದ್ದಳು, ರೂಮು ಬದಲಾಯಿಸುತ್ತಿದ್ದಳು, ಮಂಚ ಸಾಗಿಸಬೇಕಿತ್ತು. ಮಂಚದ ಕಾಲು ಬಿಚ್ಚುತ್ತಾ ಹುಡುಗಿ ತಡೆಯಲಾರದೆ ಹೇಳಿಬಿಟ್ಟಳು. ಮೆಟ್ಟಿಲಕ್ಕನ ನಡಿಗೆಗೆ ದಳಪತಿಯ ಚರ್ಮ ಹೊದಿಸಿ ನೋಡಿದರಂತೆ. ದೊಡ್ಡವರೆಲ್ಲ ಕೂತು, ಇದು ಯಾರೋ ಕೆಲಸಕ್ಕೆ ಹೋಗ್ತಿರೋ ಹಾಗಿದೆಯಲ್ಲ ಅಂದರಂತೆ. ಆಮೇಲೆ ಒಬ್ಬ ನಟಿಯನ್ನು ಕರೆಸಿದರು, ಇನ್ನೊಬ್ಬ ಡ್ಯಾನ್ಸಿನವಳನ್ನು ಕರೆಸಿದರು. ಯಾರ ನಡಿಗೆಯೂ ಹಿಡಿಸಲಿಲ್ಲ. ಕೊನೆಗೆ ಮೇಷ್ಟ್ರು, "ನನ್ನ ಮನಸ್ಸಲ್ಲಿರೋ ಹೆಂಗಸು ನನಗೊಬ್ಬನಿಗೇ ಗೊತ್ತು," ಅಂತ ಹೇಳಿ, ಕರಿ ಬಟ್ಟೆ ತೊಟ್ಟು, ಗುಂಡು ಅಂಟಿಸಿಕೊಂಡು ತಾನೇ ನಡೆದ. ಬಟ್ಟೆಯ ಜಿಪ್ಪು ಹೊಟ್ಟೆಯ ಹತ್ತಿರ ಸಿಕ್ಕಿಕೊಂಡು, ಇಬ್ಬರು ಹಿಡಿದು ಎಳೆಯಬೇಕಾಯಿತಂತೆ. ದಳಪತಿಯಾಗಿ ನಡೆದ. ನಾಯಕನ ಹೆಂಡತಿಯಾಗಿ ಸತ್ತ. ಬೆನ್ನು ಬಿಲ್ಲಿನಂತೆಯೇ ಬಾಗಿತಂತೆ.

ಮೆಟ್ಟಿಲಕ್ಕ ಮಂಚ ಹೊತ್ತು ಇಳಿದಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮಗಳಿಗೆ ಹೇಗೆ ಹೇಳುವುದು? ಇವತ್ತು ಹೇಳೋಣ, ನಾಳೆ ಹೇಳೋಣ ಅಂತ ದೂಡಿದಳು. ಮಗಳು ಕ್ಲಾಸಿನಲ್ಲಿ ಆಗಲೇ ಡಂಗುರ ಹೊಡೆದಾಗಿತ್ತು. ಹುಡುಗರು, ದಳಪತಿ ಮಂಚ ಹೊರ್ತಾಳಾ ಅಂತ ಕೇಳಿ ಬಿದ್ದು ಬಿದ್ದು ನಕ್ಕಿದ್ದರಂತೆ. ನೋಡ್ತಾ ಇರಿ ಅಂತ ಅವಳು ಹೇಳಿ ಬಂದಿದ್ದಳು.

ಬಿಡುಗಡೆಯ ದಿನ ಭಾನುವಾರ. ತಿಂಡಿಯಾದ ಮೇಲೆ ತಾಯಿ ಮಗಳು ಸ್ಕ್ರೀನಿನ ಮುಂದೆ ಕೂತರು. ಗುಂಪಿನ ಹುಡುಗರೆಲ್ಲ ಆಗಲೇ ಬಂದು ಗೂಳಿಯಣ್ಣಾ ಬಾ ಅಂತ ಗಲಾಟೆ ಮಾಡುತ್ತಿದ್ದರು. ಅವರ ಮಾತು ಸ್ಪೀಕರಿನಲ್ಲಿ ಕೇಳುತ್ತಿತ್ತು. ಮಗಳ ಮೈಕ್ ಮುಚ್ಚಿಯೇ ಇತ್ತು, ಬೆರಳು ಮಾತ್ರ ಅದರ ಗುಂಡಿಯ ಮೇಲಿತ್ತು.

ಶುರುವಿನಲ್ಲೇ ನಾಯಕನ ಹೆಂಡತಿ ಸತ್ತಳು. ಆಮೇಲೆ ಕೋಟೆಯ ಬಾಗಿಲು ತೆರೆಯಿತು. ದಳಪತಿ ಬಂದಳು. ಎರಡು ಬಟ್ಟಲು, ಒಂದು ತಗಡು, ಪಾದದ ಮುಂದೆ ಪಾದ, ಸೊಂಟ ಆ ಕಡೆ, ಸೊಂಟ ಈ ಕಡೆ. ಸ್ಪೀಕರಿನಲ್ಲಿ ಸಿಳ್ಳೆ ಎದ್ದಿತು. ಏನ್ ನಡಿಗೆ ಮಗಾ ಅಂದ ಒಬ್ಬ. ನಾನು ಇವಳ ಹಿಂದೇನೇ ಹೋಗೋದು, ಯುದ್ಧ ನೀವು ಮಾಡ್ಕೊಳ್ಳಿ ಅಂದ ಇನ್ನೊಬ್ಬ.

ಮಗಳ ಬೆರಳು ಗುಂಡಿಯಿಂದ ಜಾರಿ ಮಡಿಲಿಗೆ ಬಿತ್ತು. ಅವಳು ಅಮ್ಮನ ಮುಖ ನೋಡಲಿಲ್ಲ. ಆಡುವುದನ್ನೂ ಮರೆತು ಕೂತಳು. ಮೆಟ್ಟಿಲಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅಷ್ಟರಲ್ಲಿ ಕೋಟೆಗೆ ಬೆಂಕಿ ಬಿತ್ತು. ಸೈನಿಕನೊಬ್ಬ ಗಾಯಗೊಂಡವನನ್ನು ಬೆನ್ನಿಗೆ ಹಾಕಿಕೊಂಡು ಮೆಟ್ಟಿಲಿಳಿದು ಬಂದ. ಮೊಣಕೈ ಗಾತ್ರದ ಮೀಸೆ, ಕತ್ತಿನವರೆಗೂ ಕಬ್ಬಿಣ. ಎಡಗಾಲು ಮೊದಲು, ಬಲಗಾಲು ಅದರ ಪಕ್ಕಕ್ಕೆ. ತಿರುವಿನಲ್ಲಿ ಹಾಗೇ ನಿಂತ. ನಿಂತು, ಸ್ವಲ್ಪ ಹೊತ್ತು ಬಿಟ್ಟು, ಇಳಿದ. ಅವನ ಹಿಂದೆ ಇನ್ನೊಬ್ಬ. ಅವನೂ ತಿರುವಿನಲ್ಲಿ ನಿಂತ. ಅವನ ಹಿಂದೆ ಮತ್ತೊಬ್ಬ. ಇಡೀ ಸೈನ್ಯ, ಮೀಸೆ ಹೊತ್ತ ಗಂಡಸರೆಲ್ಲ, ಮೆಟ್ಟಿಲಕ್ಕನ ಕಾಲಲ್ಲಿ ನಡೆಯುತ್ತಿದ್ದರು. ಒಳ್ಳೆಯ ಮಾಲು ವ್ಯರ್ಥವಾಗಬಾರದಲ್ಲ, ಗಂಡಸರಿಗೆ ಹಾಕಿದ್ದರು.

"ಅಮ್ಮಾ," ಅಂದಳು ಮಗಳು. "ಇವರೆಲ್ಲ ನೀನು."

"ಹೂಂ ಕಣೇ."

"ಹಾಗಾದ್ರೆ ಅವಳ್ಯಾರು?"

ಇನ್ನು ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. ಮೆಟ್ಟಿಲಕ್ಕ ಗಡ್ಡ ಹೇಳಿದಳು, ಹೊಟ್ಟೆ ಹೇಳಿದಳು, ಜಿಪ್ಪಿನ ಕಥೆ ಹೇಳಿದಳು. ಮಗಳು ಕೇಳುತ್ತಾ ಕೇಳುತ್ತಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಭುಜ ಕುಲುಕಿತು. ಅಳುತ್ತಿದ್ದಾಳೆ ಅಂದುಕೊಂಡು ತಾಯಿ ಹತ್ತಿರ ಸರಿದರೆ, ಹುಡುಗಿ ಬಿಕ್ಕಿ ಬಿಕ್ಕಿ ನಗುತ್ತಿದ್ದಳು. ಸ್ಪೀಕರಿನಲ್ಲಿ ಹುಡುಗರು ಇನ್ನೂ ದಳಪತಿಯ ಸೊಂಟವನ್ನೇ ಹೊಗಳುತ್ತಿದ್ದರು. ಗೂಳಿಯಣ್ಣಾ, ನೀನೇನಂತೀಯ ಅಂತ ಒಬ್ಬ ಕೇಳಿದ.

ಇಂಥದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳಲು ಯಾರಿಗೆ ಆಗುತ್ತದೆ? ಮಗಳು ಗುಂಡಿ ಒತ್ತಿದಳು.

"ನೀವು ಹಿಂದೆ ಹೋಗ್ತಿರೋದು ಗಡ್ಡದ ಮಾವನ ಹಿಂದೆ ಕಣ್ರೋ. ನಿಮ್ಮ ದಳಪತಿಯಾಗಿ ನಡೆದಿರೋನು ಹೊಟ್ಟೆ ಬಿಟ್ಟಿರೋ ಗಂಡಸು. ಆ ಮೀಸೆಯೋರೆಲ್ಲ ನಮ್ಮಮ್ಮ."

ಒಬ್ಬ, ಯಾರು ನೀನು, ಗೂಳಿಯಣ್ಣನ ಮೈಕಲ್ಲಿ ಏನು ಮಾಡ್ತಿದೀಯ ಅಂದ.

"ಗೂಳಿ ನಾನೇ. ಹೊಡೀತಿದ್ದಿದ್ದು ಯಾವಾಗ್ಲೂ ನಾನೇ. ಮಾತಾಡ್ತಿದ್ದಿದ್ದು ನಮ್ಮಪ್ಪ." ಅವಳು ಉಸಿರು ತೆಗೆದುಕೊಂಡಳು. "ಅಪ್ಪ ತೀರ್ಕೊಂಡ್ರು."

ಮೆಟ್ಟಿಲಕ್ಕ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಇಷ್ಟು ದಿನ ಆ ಹುಡುಗರಿಗೆ ಹೇಳದೆ ಇಬ್ಬರೂ ಕಾದಿಟ್ಟುಕೊಂಡಿದ್ದದ್ದು ಹೊರಗೆ ಬಂದುಬಿಟ್ಟಿತ್ತು. ಒಬ್ಬ ಹುಡುಗ ಏನೋ ಗೊಣಗಿದ. ಇಬ್ಬರು ಗುಂಪು ಬಿಟ್ಟು ಹೋದರು. ಮತ್ತೊಬ್ಬ ಮೆಲ್ಲಗೆ ಏನೋ ಅಂದು ನಕ್ಕ. ಅದು ಮೆಟ್ಟಿಲಕ್ಕನಿಗೆ ಸರಿಯಾಗಿ ಕೇಳಲಿಲ್ಲ.

"ಏನಂತೆ ಅವನಿಗೆ?"

"ಪಾತ್ರೆ ತೊಳಿ ಹೋಗು ಅಂತಾನೆ."

"ತೊಳೆದಾಯ್ತು ಅನ್ನು. ಇನ್ನೇನು ಕೆಲಸ ಇದೆಯಂತೆ ಕೇಳು."

ಮಗಳು ಹಾಗೇ ಕೇಳಿದಳು. ಅವನಲ್ಲಿ ಬೇರೆ ಕೆಲಸ ಇರಲಿಲ್ಲ. ಉಳಿದವರು ಉಳಿದರು. ಅವರಿಗೆ ಬುದ್ಧಿ ಬಂತು ಅಂತಲ್ಲ. ಶತ್ರುಗಳು ಕೋಟೆಯೊಳಗೆ ನುಗ್ಗಿದ್ದರು, ಗೂಳಿಯ ಕೈಗಳಿಲ್ಲದೆ ಗೆಲ್ಲುವುದಿಲ್ಲ ಅಂತ ಅವರಿಗೆ ಗೊತ್ತಿತ್ತು. ಗೆಲ್ಲುವ ಆಸೆ ಮರ್ಯಾದೆಯನ್ನೂ ಕಲಿಸುತ್ತದೆ, ಸ್ವಲ್ಪ ಹೊತ್ತಿನ ಮಟ್ಟಿಗಾದರೂ. ಗೂಳಿಯಣ್ಣಾ ಅನ್ನುವುದೋ ಅಕ್ಕಾ ಅನ್ನುವುದೋ ತಿಳಿಯದೆ ಒಬ್ಬ ಬರೀ ಗೂಳೀ ಅಂದ. ಎಡಗಡೆ ಬರ್ತಿದಾರೆ ನೋಡು ಅಂದ.

ಮಗಳು ಕಣ್ಣೊರೆಸಿಕೊಂಡು ಕುರ್ಚಿ ಮುಂದಕ್ಕೆ ಎಳೆದಳು. ಒಬ್ಬನನ್ನು ಹೊಡೆದಳು, ಗುಡುಗಿದಳು. ಇನ್ನೊಬ್ಬನನ್ನು ಹೊಡೆದು ಇನ್ನೂ ಜೋರಾಗಿ ಗುಡುಗಿದಳು. ಅವಳಿಗೆ ಅಷ್ಟು ದೊಡ್ಡ ಗಂಟಲು ಇದೆ ಅಂತ ಹೆತ್ತವಳಿಗೂ ಗೊತ್ತಿರಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯವರು, ಏನು ಗಲಾಟೆ ಅಂತ ಗೋಡೆ ಬಡಿದರು. ಗಂಡ ಸತ್ತ ಮೇಲೆ ಆ ಗೋಡೆ ಬಡಿದದ್ದು ಅದೇ ಮೊದಲು. ಮೆಟ್ಟಿಲಕ್ಕ ಎದ್ದು ಹೋಗಿ, ಮಗಳ ಕೋಣೆಯ ಬಾಗಿಲನ್ನು ಇನ್ನೂ ಅಗಲವಾಗಿ ತೆರೆದಿಟ್ಟಳು.